ಒಂದನೇ ನಂಬರಿನ ಡಬ್ಬಿ

ಹತ್ತೊಂಬತ್ತನೇ ಡಬ್ಬಿಯ ಮುಚ್ಚಳ ತಿರುಗಿಸಿದಾಗ ಇನ್ಸ್‌ಪೆಕ್ಟರ್ ಎರಡೂ ಕಾಲನ್ನು ಸ್ಟೂಲಿನ ಅಡ್ಡಪಟ್ಟಿಯ ಮೇಲೆ ಎತ್ತಿಟ್ಟುಕೊಂಡರು.

“ಇದು ಬದುಕಿದೆಯಾ ಮೇಡಂ?”

“ಬದುಕಿದೆ.”

“ಎಷ್ಟರ ಮಟ್ಟಿಗೆ?”

“ನಿಮ್ಮ ಮೈಮೇಲೆ ಬರೋ ಮಟ್ಟಿಗಿಲ್ಲ.”

ಒಂದು ಕಾಲು ಇಳಿಯಿತು. ಇನ್ನೊಂದು ಅಲ್ಲೇ ಉಳಿಯಿತು. “ಚಾಕು ಹಿಡಿದೋರ ಮುಂದೆ ನಿಂತಿದೀನಿ ನಾನು,” ಅಂದರು. “ಎಂಟು ಕಾಲಿನ ಆಸಾಮಿ ಮುಂದೆ ಮಾತ್ರ ನಮ್ಮಪ್ಪನಾಣೆಗೂ ಆಗಲ್ಲ. ಇದನ್ನ ತರಿಸಿ ಮನೇಲಿಟ್ಟು ಮುದ್ದು ಮಾಡ್ತಾರಲ್ಲ, ಅವರ ಮುಖ ಒಂದ್ಸಲ ನೋಡ್ಬೇಕು.”

ಸಂಗ್ರಹಾಲಯದ ಹಿಂಭಾಗದ ಕೋಣೆ ಅದು. ಗೋಡೆಯುದ್ದಕ್ಕೂ ಸ್ಪಿರಿಟ್ ತುಂಬಿದ ಬಾಟಲಿಗಳು, ಒಂದು ಸಿಂಕು, ಒಂದು ಕಿಟಕಿ. ಸತ್ತ ಜೀವಿಗಳನ್ನು ಗುರುತು ಹಚ್ಚಿ ಜೋಡಿಸಿಡುವುದು ನನ್ನ ಕೆಲಸ. ಉಸಿರಾಡುವ ಜೀವಿ ಆ ಮೇಜಿನ ಮೇಲೆ ಬಂದದ್ದು ಅದೇ ಮೊದಲು.

ಹಿಂದಿನ ದಿನ ಕೊರಿಯರ್ ಆಫೀಸಿನಲ್ಲಿ ‘ಮಕ್ಕಳ ಆಟಿಕೆ’ ಎಂದು ಬರೆದ ಪೆಟ್ಟಿಗೆಯೊಂದು ಸಿಕ್ಕಿಬಿದ್ದಿತ್ತು. ಒಳಗೆ ಹತ್ತೊಂಬತ್ತು ಪ್ಲಾಸ್ಟಿಕ್ ಡಬ್ಬಿ. ಡಬ್ಬಿಗೊಂದು ಟರಾಂಟುಲಾ, ಅಂಗೈ ಅಗಲದ, ಮೈತುಂಬ ರೋಮವಿರುವ ಜೇಡ. ಎಲ್ಲವೂ ಹೆಣ್ಣು. ಮೂರು ಸತ್ತಿದ್ದವು. ಒಂದು ತನ್ನ ಮೊಟ್ಟೆಚೀಲವನ್ನು ಕಾಲುಗಳಲ್ಲಿ ಅವುಚಿಕೊಂಡೇ ಸತ್ತಿತ್ತು.

ಈ ಜಾತಿಯನ್ನು ಮೊದಲು ಕಂಡುಹಿಡಿದವನು ನನ್ನ ಗಂಡ. ನಾವು ಕಂಡ ಮಟ್ಟಿಗೆ ಊರಾಚೆಯ ಒಂದು ಕಲ್ಲುಮಣ್ಣಿನ ದಿಬ್ಬ ಬಿಟ್ಟರೆ ಇದು ಇನ್ನೆಲ್ಲೂ ಇಲ್ಲ. ಹೆಣ್ಣು ಒಂದೇ ಬಿಲದಲ್ಲಿ ಇಪ್ಪತ್ತು ವರ್ಷ ಬದುಕುತ್ತದೆ. ಜಾಗ ಬಯಲಾದರೆ ಮಾರುವವರು ಒಂದೇ ವಾರದಲ್ಲಿ ದಿಬ್ಬ ಬರಿದು ಮಾಡುತ್ತಾರೆ. ಅದಕ್ಕೇ ನಾವಿಬ್ಬರೂ ಆ ಜಾಗವನ್ನು ಎಲ್ಲೂ ಬರೆಯುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟುಕೊಂಡಿದ್ದೆವು.

ಜೂನ್ ಒಂಬತ್ತರಂದು ಅವನು ಅದೇ ದಿಬ್ಬದಿಂದ ಜಾರಿ ಬಿದ್ದು ಸತ್ತ. ಈಗ ಸೆಪ್ಟೆಂಬರ್. ಬರುವ ತಿಂಗಳು ಜೇಡಕ್ಕೆ ಅವನ ಹೆಸರಿಡುವುದೆಂದು ತೀರ್ಮಾನವಾಗಿತ್ತು.

“ಖಾಲಿಯಾಗಿರೋ ಬಿಲ ಎಷ್ಟು?” ಇನ್ಸ್‌ಪೆಕ್ಟರ್ ಕೇಳಿದರು.

“ಇಪ್ಪತ್ತೇಳು. ಬೆಳಿಗ್ಗೆ ಹೋಗಿ ಎಣಿಸಿದೆ.”

“ಹಾಗಾದ್ರೆ ಇನ್ನೆಂಟು ಎಲ್ಲೋ ಇದಾವೆ. ನೇರ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಜಾಗ ಯಾರಿಗೆ ಗೊತ್ತಿತ್ತು?”

“ನನಗೆ. ಅವನಿಗೆ.”

“ಇನ್ಯಾರಿಗಾದ್ರೂ ತೋರಿಸಿದ್ರಾ, ಜೇಡದ ಜಾಗ?”

“ಇಲ್ಲ.”

“ನೀವು ಮಾಡಿಲ್ಲ ಅಂತ ನನ್ನ ಮನಸ್ಸು ಹೇಳುತ್ತೆ. ಅಲ್ಲಿಗೆ ಉಳಿಯೋರು ಒಬ್ಬರೇ. ಹೋಗೋ ಮುಂಚೆ ಯಾರಿಗೋ ಜಾಗ ಹೇಳಿ ಹೋಗಿದಾರೆ. ನಮ್ಮ ಮೇಲಿನೋರಿಗೂ ಅದೇ ಬೇಕಾಗಿದೆ. ಸತ್ತೋರ ತಲೆಗೆ ಕಟ್ಟಿದ್ರೆ ಯಾರೂ ಕೋರ್ಟು ಹತ್ತಬೇಕಾಗಿಲ್ಲ.”

“ಅವನು ಹೇಳಿಲ್ಲ.”

“ಹೆಂಡತಿ ಇನ್ನೇನು ಹೇಳ್ತಾಳೆ.” ಒರಟಾಗಿ ಹೇಳಲಿಲ್ಲ. “ಐದು ಗಂಟೆಗೆ ವರದಿ ಬರೀಬೇಕು. ಅಷ್ಟರೊಳಗೆ ಬೇರೆ ಹೆಸರು ಕೊಡಿ, ಅದನ್ನ ಬರೀತೀನಿ. ಇಲ್ಲಾಂದ್ರೆ ಅವರದ್ದೇ.”

ಕಳ್ಳನ ಹೆಸರನ್ನು ಯಾರೂ ಜೇಡಕ್ಕೆ ಇಡುವುದಿಲ್ಲ. ಅವನದು ಎಂದು ಉಳಿಯುವುದಕ್ಕೆ ಅದೊಂದೇ ಇತ್ತು.

ಫೋನು ಹೊಡೆದುಕೊಂಡಿತು. ಅಕ್ಕ.

“ಊಟಕ್ಕೆ ಬರ್ತೀಯೇನೇ?”

“ಇಲ್ಲ. ನೀನು ಮಾಡು.”

“ಬೆಳಿಗ್ಗೆನೂ ತಿಂದಿಲ್ಲ. ಗಾಳಿ ಕುಡ್ಕೊಂಡಿರೋಕೆ ನೀನೇನು ಬಲೂನಾ?”

“ಸಂಜೆ ಬರ್ತೀನಿ ಅಕ್ಕ.”

ನನ್ನ ಗಂಡನ ಅಕ್ಕ. ಟೈಲರ್. ಅವನು ಹೋದ ದಿನ ಬಂದವಳು, ಮರುದಿನ ಹೊಲಿಗೆ ಮಿಷನ್ನನ್ನೂ ತರಿಸಿಕೊಂಡು ನಮ್ಮ ಮನೆಯಲ್ಲೇ ಉಳಿದಳು. ಅಲ್ಲಿಯವರೆಗೆ ಅವಳನ್ನು ‘ನೀವು’ ಅನ್ನುತ್ತಿದ್ದೆ. ಆ ವಾರ ಅವಳು ನನಗೆ ತುತ್ತು ಮಾಡಿ ತಿನ್ನಿಸಿದಳು. ಎಷ್ಟನೇ ತುತ್ತಿಗೆ ‘ನೀವು’ ಹೋಗಿ ‘ನೀನು’ ಬಂತೋ ಗೊತ್ತಿಲ್ಲ. ಅವನ ಬೀರುವಿನ ಬೀಗದ ಕೈಯನ್ನೂ ಅವಳಿಗೇ ಕೊಟ್ಟಿದ್ದೆ. ಅದನ್ನು ತೆರೆಯಲು ನನಗೆ ಆಗುತ್ತಿರಲಿಲ್ಲ.

“ಡಬ್ಬಿ ಒಳಗಿನ ಬಟ್ಟೆ ತೆಗೆದು ಒಣಗಿಸಿ ಕೊಡಿ,” ಇನ್ಸ್‌ಪೆಕ್ಟರ್ ಅಂದರು. “ಒದ್ದೆ ಸಾಕ್ಷ್ಯ ಬೂಷ್ಟು ಹಿಡಿದ್ರೆ ಬೈಗುಳ ತಿನ್ನೋಳು ನಾನು.”

ಪ್ರತಿ ಡಬ್ಬಿಯ ತಳದಲ್ಲೂ ನಾಲ್ಕಾಗಿ ಮಡಚಿದ ಒದ್ದೆ ಬಟ್ಟೆಯಿತ್ತು. ಎಷ್ಟೋ ಸಲ ಒಗೆದು ಮೆತ್ತಗಾದ ಹತ್ತಿ. ಜೇಡದ ಉಗುರು ಸಿಕ್ಕಿಕೊಳ್ಳದ ಹಾಗೆ ಆರಿಸಿದ್ದರು. ನೀರು ಕುಡಿದು ಎಲ್ಲವೂ ಮಣ್ಣಿನ ಬಣ್ಣಕ್ಕೆ ತಿರುಗಿದ್ದವು. ಕೋಣೆಯ ತುಂಬ ಒದ್ದೆ ಮಣ್ಣಿನ ವಾಸನೆ. ಈಚೆಗೆ ಮನೆಯಲ್ಲೂ ನನಗೆ ಆ ವಾಸನೆ ಬರುತ್ತಿತ್ತು. ದಿಬ್ಬದಿಂದ ಬಂದ ಸಂಜೆಗಳಲ್ಲಿ ಅವನ ಮೈಯಿಂದ ಬರುತ್ತಿದ್ದುದು. ನೆನಪು ಎಂದುಕೊಂಡು ಸುಮ್ಮನಿದ್ದೆ.

ಮೊದಲ ಬಟ್ಟೆ ಎತ್ತಿದಾಗ ಅಡಿಯಲ್ಲಿ ಬೆರಳಗಲದ ಕಾಗದ ಅಂಟಿಕೊಂಡಿತ್ತು. ಎರಡನೆಯದರಲ್ಲೂ ಇತ್ತು. ಎಲ್ಲದರಲ್ಲೂ.

*ಸಂ. 7. ಹೆಣ್ಣು. 22-VIII. ಸ್ಥಳ —*

“ಪೆನ್ಸಿಲ್,” ಅಂದೆ.

“ಪೆನ್ಸಿಲ್ ಆದ್ರೇನು?”

“ಪೆನ್ನಿನ ಶಾಯಿ ಸ್ಪಿರಿಟ್‌ನಲ್ಲಿ ಬಿಟ್ಕೊಳ್ಳುತ್ತೆ. ಪೆನ್ಸಿಲ್ ನೂರು ವರ್ಷ ಆದ್ರೂ ಹಾಗೇ ಇರುತ್ತೆ. ಅದಕ್ಕೇ ನಾವು ಚೀಟಿನ ಪೆನ್ಸಿಲ್‌ನಲ್ಲಿ ಬರೀತೀವಿ. ಈ ಡಬ್ಬೀಲಿ ಸ್ಪಿರಿಟ್ ಇಲ್ಲ. ಬದುಕಿರೋ ಜೇಡಕ್ಕೆ ಪೆನ್ಸಿಲ್ ಯಾಕೆ?”

“ಅಂದ್ರೆ ಕೈಗೆ ಅಂಟಿದ ಅಭ್ಯಾಸ.”

“ತಿಂಗಳು ನೋಡಿ. ದಿನ ಯಾವುದು ತಿಂಗಳು ಯಾವುದು ಅಂತ ಗೊಂದಲ ಆಗದೆ ಇರಲಿ ಅಂತ ತಿಂಗಳನ್ನ ರೋಮನ್ ಅಂಕೀಲಿ ಹಾಕ್ತೀವಿ. VIII ಅಂದ್ರೆ ಎಂಟು. ಆಗಸ್ಟ್. ನನ್ನ ಗಂಡ ಹೋಗಿದ್ದು ಆರರಲ್ಲಿ.”

ಇನ್ಸ್‌ಪೆಕ್ಟರ್ ಎರಡನೇ ಕಾಲನ್ನೂ ನೆಲಕ್ಕಿಟ್ಟರು.

“ಹಾಗಾದ್ರೆ ನಿಮ್ಮ ಪೈಕಿನೇ ಯಾರೋ ಬದುಕಿರೋರು.” ಚೀಟಿಗಳನ್ನು ಸಾಲಾಗಿ ಜೋಡಿಸಿದರು. ಡಬ್ಬಿಯ ಮುಚ್ಚಳಗಳ ಮೇಲೆ ದಪ್ಪ ಮಾರ್ಕರಿನಲ್ಲಿ ಬರೆದ ಅಂಕಿಗಳೊಂದಿಗೆ ತಾಳೆ ನೋಡಿದರು. “ಎರಡರಿಂದ ಇಪ್ಪತ್ತರ ತನಕ ಇದೆ. ಒಂದನೇ ನಂಬರ್ ಎಲ್ಲಿ ಮೇಡಂ?”

ನಾನು ಏಳರ ಚೀಟಿಯನ್ನೇ ನೋಡುತ್ತಿದ್ದೆ. ಏಳರ ಬಾಲ ಸ್ವಲ್ಪ ಎಡಕ್ಕೆ ಬಾಗಿತ್ತು. ನನಗೆ ಚೀಟಿ ಬರೆಯಲು ಕಲಿಸಿದ ಕೈ ಅದು.

“ಒಂದು ಗಂಟೆ ಕೊಡಿ,” ಅಂದೆ.

“ಒಬ್ಬರೇ ಹೋಗ್ತೀರಾ?”

“ಕಾರಿಡಾರಿನ ಕೊನೇ ಕೋಣೆ. ಓಡಿಹೋಗೋ ವಯಸ್ಸಲ್ಲ ಅವರದು.”

ಬಟ್ಟೆಗಳನ್ನು ಕಿಟಕಿಯ ಬಿಸಿಲಿಗೆ ಹರಡಿ ಹೊರಟೆ.

*

ಮೇಷ್ಟ್ರು ನಿವೃತ್ತರಾಗಿ ಹನ್ನೊಂದು ವರ್ಷ. ಆದರೂ ದಿನಾ ಬರುತ್ತಾರೆ, ಬೇಡ ಅನ್ನುವ ಧೈರ್ಯ ಯಾರಿಗೂ ಇಲ್ಲ. ನಾನೂ ಅವನೂ ಅವರ ಶಿಷ್ಯರು. ನಮ್ಮ ಮದುವೆಗೆ ಸಾಕ್ಷಿಯಾಗಿ ಸಹಿ ಹಾಕಿದವರೂ ಅವರೇ.

ಬ್ಲೇಡಿನಿಂದ ಪೆನ್ಸಿಲ್ ಚೂಪು ಮಾಡುತ್ತಿದ್ದರು. ಚೀಟಿಯನ್ನು ಮುಂದಿಟ್ಟೆ. ಕನ್ನಡಕ ಹಣೆಗೇರಿಸಿ, ಕಾಗದವನ್ನು ಕಣ್ಣಿನ ಹತ್ತಿರ ಹಿಡಿದರು.

“ಏಳರ ಬಾಲ ಉದ್ದ ಆಯ್ತು,” ಅಂದರು. “ಕಣ್ಣು ಕೈಕೊಡ್ತಾ ಇದೆ.”

“ನಂದಲ್ಲ ಅಂತೀರೇನೋ ಅಂದ್ಕೊಂಡಿದ್ದೆ ಸರ್.”

“ಚೀಟಿ ಮೇಲೆ ನಾನು ಯಾವತ್ತೂ ಸುಳ್ಳು ಬರೆದಿಲ್ಲ. ಚೀಟಿ ಬಗ್ಗೆ ಯಾಕೆ ಹೇಳ್ಲಿ.”

“ಯಾಕೆ ಬರೆದ್ರಿ?”

“ಹೆಣ್ಣು ಯಾವುದು, ಗಂಡು ಯಾವುದು ನೋಡಿ ಹೇಳಿ ಅಂತ ಡಬ್ಬಿ ತಂದ್ರು. ನೋಡಿ ಹೇಳಿದೆ. ಮುಚ್ಚಳ ಹಾಕೋಕೆ ಹೋದ್ರು. ಚೀಟಿ ಹಾಕಿ ಅಂದೆ. ಅದೆಲ್ಲ ಬೇಡ ಅಂದ್ರು.” ಪೆನ್ಸಿಲಿನ ಮೊನೆಯನ್ನು ಊದಿದರು. “ಚೀಟಿ ಇಲ್ಲದ ಜೀವಿ ಅನಾಥ ಅಂತ ನಲವತ್ತು ವರ್ಷ ಪಾಠ ಮಾಡಿದೀನಿ. ಕೈ ಕೇಳಲಿಲ್ಲ. ಅವರು ಕೈ ತೊಳೆಯೋಕೆ ಹೋದಾಗ ಬರೆದು ಬಟ್ಟೆ ಕೆಳಗೆ ತೂರಿಸಿದೆ.”

ನಗು ಬರಬೇಕಿತ್ತು. ಬರಲಿಲ್ಲ.

“ಕಳ್ಳಮಾಲಿಗೆ ಚೀಟಿ ಹಾಕಿ ಕಳಿಸಿದೋರು ಪ್ರಪಂಚದಲ್ಲಿ ನೀವೊಬ್ಬರೇ ಇರ್ಬೇಕು.”

“ಕಳ್ಳಮಾಲು ಅಂತ ನೀನು ಅಂತೀಯ. ಆ ದಿಬ್ಬ ಕಲ್ಲು ಒಡೆಯೋರಿಗೆ ಗುತ್ತಿಗೆ ಆಗಿದೆಯಂತೆ. ಮುಂದಿನ ವರ್ಷ ಇರೋದಿಲ್ಲ. ಯಾವನೋ ಒಬ್ಬ ಗಾಜಿನ ಪೆಟ್ಟಿಗೇಲಿ ಮಣ್ಣು ಹಾಕಿ, ದೀಪ ಇಟ್ಟು, ಹುಳ ತಿನ್ನಿಸಿ ಇಪ್ಪತ್ತು ವರ್ಷ ಸಾಕ್ತೀನಿ ಅಂದ್ರೆ ಬೇಡ ಅನ್ಲಾ? ನಾವು ಏನು ಮಾಡಿದ್ವಿ? ಹಿಡಿದ್ವಿ, ಸ್ಪಿರಿಟ್‌ನಲ್ಲಿ ಮುಳುಗಿಸಿದ್ವಿ. ಅದಕ್ಕೆ ವಿಜ್ಞಾನ ಅಂತ ಹೆಸರು. ಅವನು ಬದುಕಿಸಿಟ್ಕೊಂಡ್ರೆ ಅಪರಾಧ.”

“ನಾವು ಎಷ್ಟು ಹಿಡಿದ್ವಿ ಸರ್?”

ಅವರು ಮೇಜಿನ ಮೇಲಿನ ಪೆನ್ಸಿಲ್ ಪುಡಿಯನ್ನು ಒಟ್ಟುಮಾಡತೊಡಗಿದರು. ನಾನೇ ಹೇಳಿದೆ.

“ಎರಡು. ಒಂದು ಗಂಡು, ಒಂದು ಹೆಣ್ಣು. ಬಾಕಿದನ್ನ ಮುಟ್ಟಬೇಡಿ ಅಂದಿದ್ದು ನೀವೇ. ಈಗ ಇಪ್ಪತ್ತೇಳು ತಾಯಂದಿರನ್ನ ಎತ್ತಿದಾರೆ. ಇವು ದೊಡ್ಡದಾಗೋಕೆ ಏಳೆಂಟು ವರ್ಷ ಬೇಕು ಅಂತ ನಿಮಗೆ ನಾನು ಹೇಳ್ಬೇಕಾ? ಅಷ್ಟು ವರ್ಷ ಮರಿ ಸಾಕಿ ಕಾಯೋಕೆ ಆಗಲ್ಲ, ಬೆಳೆದಿರೋದೇ ಬೇಕು ಅನ್ನೋರಿಗೆ ಅಲ್ವಾ ಕಾಡಿಂದ ಎತ್ತೋದು? ಕಾಪಾಡೋ ಮನಸ್ಸಿದ್ದಿದ್ರೆ ಕಲ್ಲು ಒಡೆಯೋದು ನಿಲ್ಲಿಸಿ ಅಂತ ಒಂದು ಕಾಗದ ಬರೀಬಹುದಿತ್ತು. ನಿಮ್ಮ ಸಹಿಗೆ ತೂಕ ಇದೆ.”

“ಬರೆಯೋದಾದ್ರೆ ಜಾಗ ಯಾವುದು ಅಂತ ಬರೀಬೇಕಲ್ಲ.” ಧ್ವನಿ ಸಣ್ಣದಾಯಿತು. “ಅದನ್ನ ನೀವಿಬ್ರೂ ನಂಗೆ ಹೇಳಲೇ ಇಲ್ಲ. ಕಲಿಸಿದೋನಿಗೆ ಹೇಳಬಾರದು ಅಂತ ಮಾತಾಡ್ಕೊಂಡ್ರಿ. ಬದುಕಿರೋ ಆ ಜೇಡನ ನಾನು ಮೊದಲ ಸಲ ನೋಡಿದ್ದು ಅವರು ತಂದ ಡಬ್ಬೀಲಿ.”

ಚೀಟಿಯಲ್ಲಿ ‘ಸ್ಥಳ’ದ ಮುಂದೆ ಎಳೆದ ಗೆರೆ ಏನೆಂದು ಆಗ ತಿಳಿಯಿತು. ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದನ್ನು ಅವರು ಹತ್ತೊಂಬತ್ತು ಸಲ ಬರೆದಿದ್ದರು.

“ಮೂರು ಸತ್ತಿವೆ ಸರ್. ಹದಿನಾಲ್ಕನೇದು ಮೊಟ್ಟೆಚೀಲ ಹಿಡ್ಕೊಂಡೇ.”

ಬ್ಲೇಡನ್ನು ಮೇಜಿನ ಮೇಲಿಟ್ಟರು. ನನಗೆ ಕನಿಕರ ಹುಟ್ಟಲಿಲ್ಲ. ಹುಟ್ಟುವ ಜಾಗದಲ್ಲಿ ಏನೋ ಮರಗಟ್ಟಿತ್ತು.

“ಯಾರು ತಂದ್ರು?”

“ಅದೊಂದು ಕೇಳ್ಬೇಡ ಮಗೂ.”

“ಐದು ಗಂಟೆಗೆ ಅವನ ಹೆಸರು ಬರೀತಾರೆ. ಜೇಡಕ್ಕೆ ಇಡೋಣ ಅಂತ ನೀವೇ ಹೇಳಿದ ಹೆಸರು.”

“ನನ್ನ ಹೆಸರು ಕೊಡು. ಅಕ್ಷರ ನಂದೇ ತಾನೇ.”

“ನಿಮಗೆ ಜಾಗ ಗೊತ್ತಿಲ್ಲ. ಸ್ಥಳದ ಸಾಲು ಖಾಲಿ ಇದೆ. ಯಾರೂ ನಂಬಲ್ಲ.”

ಕಿಟಕಿಯ ಕಡೆ ತಿರುಗಿದರು.

“ಆ ಹೆಸರು ಹೇಳಿಬಿಟ್ರೆ,” ಅಂದರು, “ಸಂಜೆ ನಿಂಗೆ ಹೋಗೋಕೆ ಮನೆ ಇರಲ್ಲ.”

ನಾನು ಎದ್ದೆ. ಬಾಗಿಲ ಹತ್ತಿರ ನೆನಪಾಯಿತು.

“ನಂಬರ್ ಎರಡರಿಂದ ಯಾಕೆ ಶುರು ಮಾಡಿದ್ರಿ?”

“ಡಬ್ಬಿ ಮೇಲೆ ಅವರೇ ಹಾಕಿದ್ರು. ಒಂದು ಎಲ್ಲಿ ಅಂತ ನಾನೂ ಕೇಳಿದೆ.” ಹಿಂತಿರುಗಿ ನೋಡಲಿಲ್ಲ. “ಅದಕ್ಕೆ ಆಗಲೇ ಚೀಟಿ ಇದೆ ಅಂದ್ರು.”

*

ಕೋಣೆಗೆ ಬಂದಾಗ ಇನ್ಸ್‌ಪೆಕ್ಟರ್ ಇರಲಿಲ್ಲ. ಹೊರಗೆ ಜೀಪಿನ ಹತ್ತಿರ ನಿಂತು ಫೋನಿನಲ್ಲಿ ಯಾರಿಗೋ “ಐದು ಗಂಟೆ ಸರ್, ಖಂಡಿತ” ಅನ್ನುತ್ತಿದ್ದರು.

ಕಿಟಕಿಯ ಬಿಸಿಲಿಗೆ ಬಟ್ಟೆಗಳು ಒಣಗಿದ್ದವು. ಒದ್ದೆಯಿದ್ದಾಗ ಎಲ್ಲವೂ ಮಣ್ಣಿನ ಬಣ್ಣ. ಒಣಗಿದ ಮೇಲೆ ತಿಳಿ ಹಳದಿ, ಅದರ ಮೇಲೆ ಕೂದಲೆಳೆಯಂಥ ನೀಲಿ ಗೆರೆ.

ನಾಲ್ಕನೇ ತುಂಡಿನಲ್ಲಿ ಒಂದು ತೂತಿತ್ತು. ತೂತಿನ ಮೇಲೆ ಕೆಂಪು ನೂಲಿನ ನಾಲ್ಕು ಹೊಲಿಗೆ.

ಅವನು ಪೆನ್ಸಿಲನ್ನು ಮೊನೆ ಕೆಳಗಾಗಿ ಎದೆಯ ಜೇಬಿಗೆ ಸಿಕ್ಕಿಸುತ್ತಿದ್ದ. ಎಷ್ಟು ಸಲ ಹೇಳಿದರೂ ಅಷ್ಟೇ. ಜೇಬಿನ ಮೂಲೆ ತೂತಾದಾಗ ಕೈಗೆ ಸಿಕ್ಕ ನೂಲಿನಲ್ಲಿ ನಾನೇ ಹೊಲಿದಿದ್ದೆ. ಅದನ್ನು ನೋಡಿ ಅಕ್ಕ, “ಇದೇನು ಹೊಲಿಗೆನಾ, ಆಪರೇಷನ್ನಾ?” ಎಂದು ನಕ್ಕಿದ್ದಳು.

ಆ ಅಂಗಿ ಬೀರುವಿನಲ್ಲಿತ್ತು. ಬೀರುವಿಗೆ ಬೀಗ. ಬೀಗಕ್ಕೆ ಒಂದೇ ಕೈ.

ಜೇಡದ ಜಾಗವನ್ನು ಯಾರಿಗೂ ತೋರಿಸಿಲ್ಲ ಎಂದು ಇನ್ಸ್‌ಪೆಕ್ಟರಿಗೆ ಹೇಳಿದ್ದು ಸುಳ್ಳಾಗಿರಲಿಲ್ಲ. ಜೂನ್ ಕೊನೆಯಲ್ಲಿ ಅಕ್ಕ ಕೇಳಿದ್ದಳು, ನನ್ನ ತಮ್ಮ ಬಿದ್ದ ಜಾಗ ಒಂದ್ಸಲ ತೋರಿಸೇ ಎಂದು. ಕರೆದುಕೊಂಡು ಹೋಗಿದ್ದೆ. ಒಂದು ಕಲ್ಲಿನ ಮೇಲೆ ಕೂತು ಅವಳು ಅತ್ತಳು. ಆ ಕಲ್ಲಿನ ಸುತ್ತಲೂ ಬಿಲಗಳಿದ್ದವು. ನಾನು ತೋರಿಸಿದ್ದು ಅವನು ಬಿದ್ದ ಜಾಗ. ನನ್ನ ತಲೆಯಲ್ಲಿ ಅವು ಎರಡು ಬೇರೆ ಜಾಗಗಳಾಗಿದ್ದವು.

ನಾಲ್ಕನೇ ತುಂಡನ್ನು ಮುಷ್ಟಿಯಲ್ಲಿ ಹಿಡಿದು ಹಿಂಬಾಗಿಲಿನಿಂದ ಹೊರಟೆ. ನಾಲ್ಕೂ ಕಾಲು ಆಗಿತ್ತು.

*

ಮಿಷನ್ ಓಡುತ್ತಿತ್ತು. ಯಾರದೋ ಕಿಟಕಿಯ ಪರದೆಗೆ ಅಂಚು ಹಾಕುತ್ತಿದ್ದಳು. ಗುರುತು ಹಾಕುವ ಪೆನ್ಸಿಲ್ ಕಿವಿಯ ಹಿಂದೆ.

“ಬೇಗ ಬಂದ್ಯಲ್ಲ. ಹೊಟ್ಟೆ ನೆನಪಾಯ್ತಾ? ಕೂತ್ಕೋ, ಬಿಸಿ ಮಾಡ್ತೀನಿ.”

“ಬೀರು ಬೀಗದ ಕೈ ಕೊಡಿ.”

ಅವಳ ಕೈ ಮಿಷನ್ನಿನ ಚಕ್ರದ ಮೇಲೆ ಬಿತ್ತು. ಸದ್ದು ನಿಂತಿತು.

“ಕೊಡಿ?” ಅಂದಳು. “ಯಾವಾಗಿಂದ ನಾನು ‘ನೀವು’ ಆದೆ?”

ಬಟ್ಟೆಯ ತುಂಡನ್ನು ಮಿಷನ್ನಿನ ಮೇಲೆ, ಸೂಜಿಯ ಪಕ್ಕದಲ್ಲಿಟ್ಟೆ. ಕೆಂಪು ಹೊಲಿಗೆಯ ಮೇಲೆ ಅವಳು ಹೆಬ್ಬೆರಳು ಆಡಿಸಿದಳು.

“ಅಯ್ಯೋ,” ಅಂದಳು ಮೆಲ್ಲಗೆ. “ಕತ್ತರಿಸೋವಾಗ ಇದನ್ನ ನೋಡಲೇ ಇಲ್ಲ.”

ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಮಿಷನ್ನಿನ ಮೇಲಿಟ್ಟಳು. ಸೊಂಟದ ಗೊಂಚಲಿನಿಂದ ಕೈ ಬಿಚ್ಚಿ ಕೊಟ್ಟಳು. ತಡೆಯಲಿಲ್ಲ. ನನ್ನ ಹಿಂದೆಯೇ ಕೋಣೆಗೆ ಬಂದು ಬಾಗಿಲಿಗೆ ಒರಗಿ ನಿಂತಳು.

ಬೀರು ತೆರೆದೆ. ಒದ್ದೆ ಮಣ್ಣಿನ ವಾಸನೆ ಮುಖಕ್ಕೆ ಬಡಿಯಿತು. ನೆನಪಲ್ಲ ಅದು. ಅಂಗಿಗಳನ್ನು ಒಂದು ಬದಿಗೆ ಒತ್ತರಿಸಿದ್ದರು. ಖಾಲಿಯಾದ ಕಡೆ ಏಳು ಡಬ್ಬಿ, ಇಪ್ಪತ್ತೊಂದರಿಂದ ಇಪ್ಪತ್ತೇಳು. ನಾನು ಮಲಗುವ ಮಂಚದಿಂದ ನಾಲ್ಕು ಹೆಜ್ಜೆ.

“ಇಲ್ಲೇ ಇಟ್ಟಿದ್ರಾ?”

“ಇದಕ್ಕಿಂತ ಭದ್ರವಾದ ಜಾಗ ಎಲ್ಲಿತ್ತು?” ಅವಳ ಧ್ವನಿಯಲ್ಲಿ ಕೊಂಕಿರಲಿಲ್ಲ. “ನೀನು ಈ ಬೀರು ತೆಗೆಯಲ್ಲ ಅಂತ ನಂಗೊಬ್ಬಳಿಗೇ ಗೊತ್ತಿತ್ತು.”

ರಾತ್ರಿಗಳಲ್ಲಿ ನನ್ನ ತಲೆ ನೇವರಿಸಿದ ಕೈಯನ್ನು ನೋಡಿದೆ. ಉಗುರಿನ ಸಂದಿಯಲ್ಲಿ ಸಣ್ಣಗೆ ಮಣ್ಣಿತ್ತು. ಎಷ್ಟು ದಿನದಿಂದ ಇತ್ತೋ.

ಬೈಯಬೇಕು ಎಂದುಕೊಂಡೆ. ಅದಕ್ಕೆ ಮೊದಲು ಒಂದು ಮಾತು ಹೊಳೆಯಿತು. ಡಬ್ಬಿಗಳು ಸಿಕ್ಕಿವೆ. ಚೀಟಿಗಳು ಆಗಸ್ಟಿನವು. ತಂದವಳು ಎದುರಿಗಿದ್ದಾಳೆ. ಅವನು ಇದರಲ್ಲಿಲ್ಲ. ಮೂರು ತಿಂಗಳಲ್ಲಿ ಮೊದಲ ಸಲ ಉಸಿರು ಪೂರ್ತಿ ಒಳಗೆ ಹೋಯಿತು.

“ಹಿಂದೆ ನೋಡು,” ಅಕ್ಕ ಅಂದಳು. “ಅಂಗಿಗಳ ಹಿಂದೆ.”

ಅಲ್ಲೊಂದು ಗಾಜಿನ ಜಾಡಿಯಿತ್ತು. ನಮ್ಮ ಸಂಗ್ರಹಾಲಯದ್ದು. ತಳದಲ್ಲಿ ನಾಲ್ಕು ಬೆರಳು ಮಣ್ಣು, ಅದರಲ್ಲಿ ಕೊರೆದ ಬಿಲ, ಬಿಲದ ಬಾಯಲ್ಲಿ ಎರಡು ಮುಂಗಾಲು. ಹೊರಗಡೆ ದಾರದಲ್ಲಿ ಕಟ್ಟಿದ ಚೀಟಿ.

*ಸಂ. 1. ಹೆಣ್ಣು. 6-VI.*

ಪೆನ್ಸಿಲ್. ಅವನ ಅಕ್ಷರ. ಬೀಳುವುದಕ್ಕೆ ಮೂರು ದಿನ ಮೊದಲು.

ಸ್ಥಳದ ಸಾಲು ಖಾಲಿ ಇರಲಿಲ್ಲ. ದಿಬ್ಬ ಯಾವುದು, ಯಾವ ಕಲ್ಲಿನಿಂದ ಬಲಕ್ಕೆ ಎಷ್ಟು ಹೆಜ್ಜೆ, ಎಲ್ಲ ಇತ್ತು. ಎಲ್ಲೂ ಬರೆಯುವುದಿಲ್ಲ ಎಂದು ನನ್ನ ಕೈ ಹಿಡಿದು ಹೇಳಿದ್ದ ಜಾಗ.

“ಅದನ್ನ ನಾನು ತಂದಿದ್ದಲ್ಲ ಕಣೇ,” ಅಕ್ಕ ಅಂದಳು. “ಬೀರು ತೆಗೆದ ದಿನ ಅಲ್ಲೇ ಇತ್ತು. ಅದೇ ವಾರ ಅವನ ಫೋನಿಗೆ ಯಾರೋ ಕರೆ ಮಾಡಿದ್ರು. ‘ಒಂದನೇದರ ಫೋಟೋ ನೋಡಿದ್ವಿ, ಬಾಕಿ ಇಪ್ಪತ್ತಾರು ಯಾವಾಗ ಕಳಿಸ್ತೀರಿ?’ ಅಂತ ಕೇಳಿದ್ರು. ಅವನು ಶುರು ಮಾಡಿದ್ದನ್ನ ನಾನು ಮುಗಿಸಿದೆ. ಅಷ್ಟೇ.”

ಬೆಲ್ ಹೊಡೆಯಿತು.

“ಮೇಡಂ,” ಹೊರಗಿನಿಂದ ಇನ್ಸ್‌ಪೆಕ್ಟರ್. “ಹದಿನೆಂಟೇ ಬಟ್ಟೆ ಇತ್ತು ಕಿಟಕೀಲಿ. ಹಾಗಾಗಿ ಇಲ್ಲಿಗೇ ಬಂದೆ. ಐದಾಯ್ತು. ಹೆಸರು ಸಿಕ್ತಾ?”

ಅಕ್ಕ ಕದಲಲಿಲ್ಲ. “ನನ್ನ ಹೆಸರು ಹೇಳು. ನಾನೇನು ಓಡಿಹೋಗಲ್ಲ. ಆದ್ರೆ ನನ್ನ ಕೊಟ್ರೆ ಈ ಜಾಡಿನೂ ಕೊಡ್ಬೇಕಾಗುತ್ತೆ.”

ಚೀಟಿಯನ್ನು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡೆ. ಮಿಷನ್ನಿದ್ದ ಕೋಣೆ ದಾಟಿಯೇ ಬಾಗಿಲಿಗೆ ಹೋಗಬೇಕು. ಅವಳ ಪೆನ್ಸಿಲ್ ಅಲ್ಲೇ ಇತ್ತು, ಸೂಜಿಯ ಪಕ್ಕದಲ್ಲಿ, ಕೆಂಪು ಹೊಲಿಗೆಯ ಮೇಲೆ.

VI. ಅದರ ಮುಂದೆ ಎರಡು ಗೆರೆ ಎಳೆದರೆ VIII ಆಗುತ್ತದೆ. ಆಗಸ್ಟ್, ಅವನು ಇಲ್ಲದ ತಿಂಗಳು.

ಬೆಲ್ ಮತ್ತೆ ಹೊಡೆಯಿತು. ನಾನು ಪೆನ್ಸಿಲ್ ಎತ್ತಿಕೊಂಡೆ.